ಕುಂಟು ನಿಂತ ಮಾತ್ರಕ್ಕೆ ಲಿಗಮೆಂಟ್ ವಾಸಿಯಾಗಿರಲ್ಲ

ಪ್ರಶ್ನೆ: ನಮ್ಮದು ಮಧುಗಿರಿ ಹತ್ತಿರದ ಹಳ್ಳಿ. ಮದುವೆ ಮೆರವಣಿಗೆಗೆ ಕಳಿಸುವ ಒಂಬತ್ತು ವರ್ಷದ ಹೆಣ್ಣು ಕುದುರೆ ಇದೆ. ಹತ್ತು ದಿನದ ಹಿಂದೆ ಕುಣಿಸುವಾಗ ಬಲ ಮುಂಗಾಲು ಜಾರಿತು. ಮಂಡಿ ಕೆಳಗೆ, ಹಿಂಭಾಗದಲ್ಲಿ ಊದಿಕೊಂಡಿತು. ಲಿಗಮೆಂಟ್‌ಗೆ ಪೆಟ್ಟಾಗಿದೆ ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟರು. ಈಗ ಕುಂಟು ಕಡಿಮೆ. ಊರಿನ ಹಿರಿಯರು ಬರೆ ಹಾಕಿಸು ಅನ್ನುತ್ತಾರೆ. ರಕ್ತದಿಂದಲೇ ಮಾಡುವ ಇಂಜೆಕ್ಷನ್ ಇದೆ ಅಂತಲೂ ಕೇಳಿದ್ದೇನೆ. ಏನು ಮಾಡಿಸಲಿ? ಮುಂದಿನ ತಿಂಗಳ ಬುಕಿಂಗ್‌ಗೆ ಕಳಿಸಬಹುದಾ?

ಪಶುವೈದ್ಯರ ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಳಿಸಬೇಡಿ. ಮುಂಗಡ ತೆಗೆದುಕೊಂಡಿದ್ದರೆ ಇವತ್ತೇ ವಾಪಸ್ ಕೊಡಿ. ಕುಂಟು ಕಡಿಮೆಯಾಗಿರುವುದು ಇಂಜೆಕ್ಷನ್ನಿಂದ ನೋವು ತಗ್ಗಿದ್ದಕ್ಕೂ ಇರಬಹುದು. ಒಳಗಿನ ಎಳೆಗಳು ಹತ್ತು ದಿನದಲ್ಲಿ ಕೂಡಿಕೊಳ್ಳುವುದಿಲ್ಲ.

ಹಳ್ಳಿಯಲ್ಲಿ ಇದನ್ನು "ನರ ಎಳೆದಿದೆ" ಅನ್ನುತ್ತಾರೆ. ಲಿಗಮೆಂಟ್ ಅಂದರೆ ನರ ಅಲ್ಲ. ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಗಟ್ಟಿ ಪಟ್ಟಿ. ಕುದುರೆಗೆ ಮಂಡಿಯ ಕೆಳಗೆ ಮಾಂಸವೇ ಇಲ್ಲ ಅಲ್ವಾ? ಗೊರಸಿನ ಮೇಲಿನ ಗಿಣ್ಣು ನೆಲಕ್ಕೆ ಕುಸಿಯದಂತೆ ಹಿಡಿಯುವುದು ಇಂಥ ಪಟ್ಟಿಗಳೇ. ಅವುಗಳಿಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಗಾಯ ಮಾಯುವುದೂ ನಿಧಾನ.

ನೀವೇ ಒಂದು ಸಲ ಮುಟ್ಟಿ ನೋಡಿ. ಕಾಲನ್ನು ಎತ್ತಿ ಮಡಚಿ, ಮಂಡಿ ಕೆಳಗಿನ ನಳಿ ಮೂಳೆಯ ಹಿಂದೆ ಹೆಬ್ಬೆರಳು ಇಟ್ಟು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಒತ್ತುತ್ತಾ ಬನ್ನಿ. ಎಡಗಾಲಿನಲ್ಲೂ ಹಾಗೇ ಮಾಡಿ. ಬಲಗಾಲು ಬಿಸಿ ಇದೆಯಾ, ದಪ್ಪ ಇದೆಯಾ, ಯಾವ ಜಾಗದಲ್ಲಿ ಕುದುರೆ ಕಾಲು ಕಿತ್ತುಕೊಳ್ಳುತ್ತದೆ, ಗುರುತಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಆದರೆ ಎಷ್ಟು ಹರಿದಿದೆ ಅನ್ನುವುದು ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುವುದು. ಹರಿದ ಜಾಗ ಪರದೆ ಮೇಲೆ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಗಾಡಿಯಲ್ಲಿ ಸಾಗಿಸುವಾಗ ಕಾಲಿಗೆ ದಪ್ಪ ಹತ್ತಿ ಸುತ್ತಿ ಬ್ಯಾಂಡೇಜ್ ಕಟ್ಟಿ, ಮುಖ ಹಿಂದಕ್ಕೆ ಇರುವಂತೆ ನಿಲ್ಲಿಸಿ. ಬ್ರೇಕ್ ಹಾಕಿದಾಗ ಭಾರ ಪೆಟ್ಟಾದ ಮುಂಗಾಲಿಗೆ ಬೀಳುವುದಿಲ್ಲ.

ಬರೆಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಹಾಕಿಸಬೇಡಿ. ಇದು ನಮ್ಮೂರ ಪದ್ಧತಿ ಮಾತ್ರ ಅಲ್ಲ, ವಿದೇಶದ ರೇಸ್ ಕುದುರೆಗಳಿಗೂ ಹಾಕುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿ, ಬರೆಯಿಂದ ಕಾಲಿಗೆ ಏನೂ ಲಾಭವಿಲ್ಲ ಎಂದು 1983ರಲ್ಲೇ ಪ್ರಕಟಿಸಿದರು. ಹಾಗಾದರೆ ಬರೆ ಹಾಕಿದ ಕುದುರೆ ಸುಧಾರಿಸಿದ್ದು ಹೇಗೆ? ಸುಟ್ಟ ಕಾಲಿನ ಕುದುರೆಯನ್ನು ಯಾರೂ ದುಡಿಸುವುದಿಲ್ಲ. ತಿಂಗಳುಗಟ್ಟಲೆ ಕಟ್ಟಿಹಾಕುತ್ತಾರೆ. ವಾಸಿ ಮಾಡಿದ್ದು ಆ ವಿಶ್ರಾಂತಿ. ಅದನ್ನು ಸುಡದೇ ಕೊಡೋಣ.

ರಕ್ತದ ಇಂಜೆಕ್ಷನ್ ಅಂದರೆ ಪಿಆರ್‌ಪಿ. ಕುದುರೆಯದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಸ್ಕ್ಯಾನ್ ನೋಡುತ್ತಾ ಹರಿದ ಜಾಗಕ್ಕೇ ಕೊಡುತ್ತಾರೆ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಹರಿದ ಜಾಗ ಕಂಡರೆ ಯೋಚಿಸಬಹುದು. ಮೂಳೆ ಮಜ್ಜೆಯಿಂದ ತೆಗೆಯುವ ಕಾಂಡಕೋಶದ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆಯೂ ಇದೆ, ಖರ್ಚು ಜಾಸ್ತಿ. ಯಂತ್ರದಿಂದ ಚರ್ಮದ ಮೇಲಿನಿಂದಲೇ ಜೋರಾದ ಶಬ್ದದ ಅಲೆ ಹಾಯಿಸುವ ಶಾಕ್‌ವೇವ್ ಅನ್ನುವುದು ಇನ್ನೊಂದು. ಲಿಗಮೆಂಟ್ ಮೇಲ್ತುದಿಯಲ್ಲಿ ಪೆಟ್ಟಾಗಿದ್ದರೆ ಉಪಯೋಗ ಕಾಣುತ್ತದೆ, ಆದರೆ ಮಾಡಿದ ಮೇಲೆ ಕೆಲವು ದಿನ ನೋವೇ ತಿಳಿಯುವುದಿಲ್ಲ, ಆಗ ಓಡಿಸಿಬಿಟ್ಟರೆ ಮತ್ತೆ ಹರಿಯುತ್ತದೆ. ಇವೆಲ್ಲ ವಿಶ್ರಾಂತಿಯ ಜೊತೆಗೆ, ಅದರ ಬದಲಿಗೆ ಅಲ್ಲ. ಮುಂಗಾಲಿನ ಲಿಗಮೆಂಟ್ ಮೇಲ್ತುದಿಯ ಪೆಟ್ಟು ವಿಶ್ರಾಂತಿಯಿಂದಲೇ ಎಷ್ಟೋ ಕುದುರೆಗಳಲ್ಲಿ ವಾಸಿಯಾಗುತ್ತದೆ. ಹಿಂಗಾಲಿನದು ಹಾಗಲ್ಲ, ಕೆಲವೊಮ್ಮೆ ಆಪರೇಷನ್‌ವರೆಗೂ ಹೋಗುತ್ತದೆ. ನಿಮ್ಮದು ಮುಂಗಾಲು, ಅದು ಸಮಾಧಾನದ ವಿಷಯ.

ಒಂದು ಎಚ್ಚರಿಕೆ. ಮನುಷ್ಯರ ಡೈಕ್ಲೋಫೆನಾಕ್ ತಂದು ಸುಮ್ನೆ ಚುಚ್ಚಿಸಬೇಡಿ. ಅದನ್ನು ಕೊಟ್ಟ ಪ್ರಾಣಿಯ ಹೆಣ ತಿಂದ ರಣಹದ್ದುಗಳು ಸಾಯುತ್ತವೆ ಎಂದು ಪ್ರಾಣಿಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. ಬೇರೆ ನೋವಿನ ಔಷಧಿಗಳೂ ಜಾಸ್ತಿ ದಿನ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ.

ತಣ್ಣೀರು, ಐಸ್ ಕೆಲಸಕ್ಕೆ ಬರುವುದು ಮುಖ್ಯವಾಗಿ ಮೊದಲ ಎರಡು ಮೂರು ದಿನ. ಈಗ ಬೇಕಿರುವುದು ಸಮತಟ್ಟಾದ ಮೆತ್ತನೆ ನೆಲದ ಕೊಟ್ಟಿಗೆ. ಮೈದಾನಕ್ಕೆ ಬಿಡಬೇಡಿ. ಡಾಕ್ಟರು ಒಪ್ಪಿದ ಮೇಲೆ ಹಗ್ಗ ಹಿಡಿದು ದಿನಕ್ಕೆ ಐದು ನಿಮಿಷ ನಡೆಸಿ. ವಾರ ವಾರ ಐದೈದು ನಿಮಿಷ ಏರಿಸಿ. ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ನೋಡಿಯೇ ಮುಂದಿನ ಹೆಜ್ಜೆ. ಸಣ್ಣ ಪೆಟ್ಟಾದರೆ ಮೂರು ನಾಲ್ಕು ತಿಂಗಳು, ದೊಡ್ಡದಾದರೆ ಎಂಟರಿಂದ ಹನ್ನೆರಡು ತಿಂಗಳು ಬೇಕು. ದುಡಿಮೆಯ ಕುದುರೆ ಅಷ್ಟು ದಿನ ನಿಂತರೆ ಮನೆಗೆ ಎಷ್ಟು ಕಷ್ಟ ಅಂತ ಗೊತ್ತು. ಅವಸರ ಮಾಡಿ ಎರಡನೇ ಸಲ ಹರಿದರೆ ಆ ಕಾಲು ಮೊದಲಿನಂತೆ ಆಗುವುದು ಇನ್ನೂ ಕಷ್ಟ.

ಕಟ್ಟಿಹಾಕಿದ ದಿನಗಳಲ್ಲಿ ಹುರುಳಿ, ಬೂಸಾ ಕಡಿಮೆ ಮಾಡಿ, ಹುಲ್ಲು ಜಾಸ್ತಿ ಕೊಡಿ. ಇಲ್ಲದಿದ್ದರೆ ಹೊಟ್ಟೆನೋವು ಬರುತ್ತದೆ, ಕೊಬ್ಬಿ ಕೊಟ್ಟಿಗೆಯಲ್ಲೇ ಜಿಗಿದಾಡುತ್ತದೆ. ಲಾಳ ಹೊಡೆಯುವವರನ್ನೂ ಕರೆಸಿ. ಗೊರಸಿನ ಮುಂತುದಿ ಉದ್ದ ಬೆಳೆದಿದ್ದರೆ ಪ್ರತಿ ಹೆಜ್ಜೆಗೂ ಪಟ್ಟಿ ಜಗ್ಗುತ್ತದೆ.

ವಾಸಿಯಾದ ಮೇಲೆ ಮೆರವಣಿಗೆಗೆ ಕಳಿಸಿ. ಆದರೆ ಡಾಂಬರು ರಸ್ತೆಯಲ್ಲಿ ತಮಟೆಗೆ ಕುಣಿಸುವುದು ಇನ್ನು ಬೇಡ. ಬುಕಿಂಗ್ ತೆಗೆದುಕೊಳ್ಳುವಾಗಲೇ ಮದುವೆ ಮನೆಯವರಿಗೆ ಹೇಳಿಬಿಡಿ, ಈ ಕುದುರೆ ನಡೆಯುತ್ತದೆ, ಕುಣಿಯುವುದಿಲ್ಲ ಅಂತ.