ಮಾವನ ಮರೆವು, ಸೊಸೆಯ ನಿದ್ದೆ

(ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಮಾವನವರಿಗೆ ಮರೆವಿನ ಕಾಯಿಲೆ. ಉಂಡು ಕೈತೊಳೆದ ಹತ್ತು ನಿಮಿಷಕ್ಕೆ ‘ಸೊಸೆ ಹಿಟ್ಟಿಕ್ಕಲಿಲ್ಲ’ ಎಂದು ಬೀದಿಯಲ್ಲಿ ಹೇಳುತ್ತಾರೆ. ಹೊತ್ತು ಮುಳುಗಿದರೆ ‘ಮನೆಗೆ ಹೋಗ್ಬೇಕು’ ಎಂದು ಹಟ. ಈಚೆಗೆ ಬರೀ ತೆಲುಗು. ಈಕೆಗೆ ನಿದ್ದೆಯಿಲ್ಲ. ‘ನಮ್ಮ ತಾಲ್ಲೂಕಿನಲ್ಲೇ ಈ ಕಾಯಿಲೆಯ ಸಂಶೋಧನೆ ನಡೀತಿದೆಯಂತೆ, ನೋಡಿಕೊಳ್ಳುವವರಿಗೆ ಅದರಿಂದ ಏನು ಸಿಕ್ಕಿತು?’)

ಸೋದರಿ,

ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 2018ರಿಂದ ನಿಮ್ಮ ಕಡೆಯ ಹಳ್ಳಿಗಳಲ್ಲಿ ನಡೆಸುತ್ತಿರುವ ಅಧ್ಯಯನಕ್ಕೆ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿದೆ. ಮರೆವು ಯಾರಿಗೆ, ಏಕೆ ಬರುತ್ತದೆ ಎಂಬುದು ಅದರ ಪ್ರಶ್ನೆ. ನೀವು ಇವತ್ತು ರಾತ್ರಿ ಮಲಗುವುದು ಹೇಗೆ ಎಂಬುದಲ್ಲ.

ಅದನ್ನು ಹುಡುಕಿದವರು ಬೇರೆ. ಗೋವಾದಲ್ಲಿ 81 ಕುಟುಂಬಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಆರು ತಿಂಗಳು, ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮನೆಗೇ ಹೋದರು. ಕಾಯಿಲೆಯವರ ವರ್ತನೆ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ನೋಡಿಕೊಳ್ಳುವವರ ಮನಸ್ಸು ಮಾತ್ರ ಹಗುರಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೋಡಿಕೊಳ್ಳುವವರಿಗಾಗಿ ಇರುವ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿಯನ್ನು ನಮ್ಮ ದೇಶದಲ್ಲಿ ಪರೀಕ್ಷಿಸಿದಾಗ, ಸೇರಿದ 151 ಜನರಲ್ಲಿ ಕೊನೆಯವರೆಗೆ ಉಳಿದವರು 55. ಕಾಯಿಲೆಯವರನ್ನು ನೋಡುವ ದೃಷ್ಟಿ ಸುಧಾರಿಸಿತು, ಹೊರೆ ಇಳಿಯಲಿಲ್ಲ. ಬಿಡುವೇ ಇಲ್ಲದವರಿಗೆ ಪಾಠ ಕೊಟ್ಟರೆ ಅದೂ ಇನ್ನೊಂದು ಮನೆಗೆಲಸ ತಾನೇ? ನಿಮಗೆ ಬೇಕಿರುವುದು ಮನೆಗೆ ಬರುವ ಇನ್ನೊಂದು ಜೀವ.

ಆದ್ದರಿಂದ ನಾದಿನಿ, ಮೈದುನರ ಹತ್ತಿರ ‘ಸ್ವಲ್ಪ ಸಹಾಯ ಮಾಡಿ’ ಎನ್ನಬೇಡಿ, ಅದಕ್ಕೆ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಶನಿವಾರ ರಾತ್ರಿ ಅಪ್ಪನ ಪಕ್ಕ ನೀವು ಮಲಗಿ, ನಾನು ಬೇರೆ ಕೋಣೆಯಲ್ಲಿ’ ಎಂದು ದಿನ, ಹೊತ್ತು, ಕೆಲಸ ಮೂರನ್ನೂ ಹೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆಯಿರಿ. ಒಂದು ಸಂಜೆ ಅವರೇ ನೋಡಿಕೊಂಡರೆ, ‘ಹಿಟ್ಟಿಕ್ಕಲಿಲ್ಲ’ ಎಂಬ ದೂರು ಅವರ ತಲೆಗೂ ಬರುತ್ತದೆ.

ಆ ದೂರು ಬೇಕೆಂದು ಹೇಳಿದ ಸುಳ್ಳಲ್ಲ. ಉಂಡದ್ದು ಮಾವನವರ ಮೆದುಳಿನಲ್ಲಿ ದಾಖಲೇ ಆಗಿರುವುದಿಲ್ಲ. ‘ಈಗ ತಾನೇ ಉಂಡ್ರಲ್ಲ’ ಎಂದರೆ ಜಗಳ ಬೆಳೆಯುತ್ತದೆ. ಮೊದಲೇ ಅರ್ಧ ಮುದ್ದೆ ಇಕ್ಕಿ, ಉಳಿದರ್ಧವನ್ನು ಮುಕ್ಕಾಲು ಗಂಟೆ ಬಿಟ್ಟು ಸಾರಿನೊಂದಿಗೆ ಕೊಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಊಟವನ್ನು ಹೀಗೆ ಹಂಚುವ ಮುಂಚೆ ಡಾಕ್ಟರನ್ನು ಕೇಳಿ.

ಸಂಜೆಯ ಹಟಕ್ಕೆ ಬೆಳಕು ಕುಗ್ಗುವುದು, ದಣಿವು ಎರಡೂ ಕಾರಣ. ಐದೂವರೆಗೇ ದೀಪ ಹಾಕಿ. ಹಗಲು ನಿದ್ದೆ ಅರ್ಧ ಗಂಟೆ ಸಾಕು, ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮೂತ್ರಕ್ಕೆ ಹೋಗಬೇಕೇ, ಹೊಟ್ಟೆ ಕಟ್ಟಿದೆಯೇ, ಎಲ್ಲಾದರೂ ನೋವಿದೆಯೇ ನೋಡಿ. ‘ಇದೇ ಮನೆ’ ಎಂದು ವಾದಿಸದೆ ಚಪ್ಪಲಿ ಹಾಕಿಸಿ ಮಾವಿನ ತೋಪಿನ ತನಕ ಕರೆದುಕೊಂಡು ಹೋಗಿ, ತಿರುಗಿ ಇದೇ ಬಾಗಿಲಿಗೆ ಬನ್ನಿ. ಒಂಟಿಯಾಗಿ ಹೊರಟುಬಿಟ್ಟರೆಂಬ ಭಯಕ್ಕೆ ಅಂಗಿಯ ಒಳಮಡಿಕೆಯಲ್ಲಿ ಫೋನ್ ನಂಬರು ಹೊಲಿದಿಡಿ. ಬಾವಿ, ಕೃಷಿಹೊಂಡಕ್ಕೆ ಬೇಲಿ ಇರಲಿ.

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಅಮಲಿನಲ್ಲಿ ಎದ್ದು ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ನೆಗಡಿ, ತುರಿಕೆಯ ಕೆಲವು ಹಳೆಯ ಮಾತ್ರೆಗಳೂ ಗೊಂದಲ ಹೆಚ್ಚಿಸುತ್ತವೆ. ಒಂದೆರಡು ದಿನದಲ್ಲೇ ದಿಢೀರನೆ ಕೆಟ್ಟರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ನೀರಿನಂಶ ಕಡಿಮೆಯಾಗುವುದು, ಹೊಸ ಮಾತ್ರೆ ಇವೆಲ್ಲ ಹಾಗೆ ಮಾಡುತ್ತವೆ. ಅವತ್ತೇ ಆಸ್ಪತ್ರೆಗೆ ಹೋಗಿ.

ಬಿ12, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಇವುಗಳ ಕೊರತೆಯಿಂದ ಬಂದ ಮರೆವಿಗೆ ಚಿಕಿತ್ಸೆಯುಂಟು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಕ್ಲಿನಿಕ್‌ಗಳಲ್ಲಿ ಕೋಲಾರ ಜಿಲ್ಲಾಸ್ಪತ್ರೆಯದೂ ಒಂದು. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.

ತೆಲುಗಿನ ಬಗ್ಗೆ ಗಾಬರಿ ಬೇಡ. ಎಳವೆಯ ಮಾತು ಕೊನೆಗೆ ಉಳಿಯುವುದುಂಟು. ನೀವೂ ತೆಲುಗಿನಲ್ಲೇ ಮಾತಾಡಿ. ನೆನಪಿನ ಪರೀಕ್ಷೆಯನ್ನೂ ತೆಲುಗಿನಲ್ಲೇ ಮಾಡಿ ಎಂದು ಕೇಳಿ, ಓದುಬರಹ ಬಾರದಿದ್ದರೆ ಅದನ್ನೂ ಮೊದಲೇ ತಿಳಿಸಿ. ಇಲ್ಲವಾದರೆ ಅಂಕ ಇರುವುದಕ್ಕಿಂತ ಕಡಿಮೆ ಬೀಳುತ್ತದೆ. ನಡುರಾತ್ರಿ ನಿಮಗೇ ತಡೆಯಲಾಗದಾಗ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ಗೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಮಾವನವರಿಗಾಗಿ ಅಲ್ಲ, ನಿಮಗಾಗಿ.

– ಸಂ.