ಆಪ್ತಸಲಹೆ ಪ್ರಕರಣ: ಒಬ್ಬರೇ ಕಟ್ಟಿದ ಆ್ಯಪ್, ಬರೆದುಕೊಡದ ಪಾಲು

ಸಲಹಾರ್ಥಿ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದವರು, ವಯಸ್ಸು ಇಪ್ಪತ್ತೇಳು. ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಮನೆಯೊಂದರ ಮೊದಲ ಮಹಡಿಯಲ್ಲಿ ಆರೇ ಜನ ನಡೆಸುತ್ತಿರುವ ಸ್ಟಾರ್ಟಪ್‌ನಲ್ಲಿ ಮೊಬೈಲ್ ಆ್ಯಪ್‌ನ ಹೊಣೆ ಪೂರ್ತಿಯಾಗಿ ಅವರೊಬ್ಬರದು. ಪಿ.ಜಿ. ನಡೆಸುವ ಮಾಲೀಕರು ಯಾವ ಕೋಣೆಯಲ್ಲಿ ಯಾರಿದ್ದಾರೆ, ಯಾರ ಬಾಡಿಗೆ ಬಂದಿದೆ, ಯಾರ ಅಡ್ವಾನ್ಸ್ ಎಷ್ಟು ಉಳಿದಿದೆ ಎಂಬುದನ್ನು ಫೋನಿನಲ್ಲೇ ನೋಡಿಕೊಳ್ಳುವಂತೆ ಮಾಡುವುದು ಆ ಆ್ಯಪ್‌ನ ಕೆಲಸ. ಅವರ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಅವರು ಬಂದದ್ದು ಕೆಲಸ ಕಡಿಮೆ ಮಾಡಿಕೊಳ್ಳುವ ದಾರಿ ಕೇಳಲಿಕ್ಕಲ್ಲ. "ಮೇಡಂ, ಮೊದಲಿನ ಹಾಗೆ ಹದಿನಾಲ್ಕು ಗಂಟೆ ಕೂತ್ಕೊಳ್ಳೋಕೆ ಆಗ್ತಿಲ್ಲ, ಫೋಕಸ್ ವಾಪಸ್ ಬರೋದಕ್ಕೆ ಏನಾದ್ರೂ ಹೇಳಿಕೊಡಿ" ಎಂಬುದು ಅವರ ಮೊದಲ ಬೇಡಿಕೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಎಚ್ಚರವಾದೊಡನೆ ಫೋನು ತೆಗೆದು ಆ್ಯಪ್ ಎಷ್ಟು ಜನರ ಬಳಿ ಕ್ರ್ಯಾಶ್ ಆಗಿದೆ ಎಂದು ಆ್ಯಪ್ ತಯಾರಕರಿಗಾಗಿ ಗೂಗಲ್ ಕೊಟ್ಟಿರುವ ಪ್ಲೇ ಕನ್ಸೋಲ್‌ನಲ್ಲಿ ನೋಡುವುದು, ಆಮೇಲೆ ನಿದ್ದೆ ಬಾರದಿರುವುದು, ಹೊಟ್ಟೆಯಲ್ಲಿ ಉರಿ, ಸಣ್ಣ ಮಾತಿಗೂ ಸಿಡುಕು, ಇವೆಲ್ಲ ಆರು ತಿಂಗಳಿನಿಂದ ನಡೆದಿದ್ದವು. ಗೌರಿ ಹಬ್ಬಕ್ಕೆ ಊರಿಗೆ ಹೋಗಿರಲಿಲ್ಲ. ತಾಯಿಯ ಫೋನು ಬಂದರೆ ಮೀಟಿಂಗಿನಲ್ಲಿದ್ದೇನೆ ಎಂದು ಇಟ್ಟುಬಿಡುತ್ತಿದ್ದರು. ತಾನು ಸೋಮಾರಿಯಾಗುತ್ತಿದ್ದೇನೆ ಎಂಬುದು ಇಷ್ಟಕ್ಕೂ ಅವರು ತಾವೇ ಕೊಟ್ಟುಕೊಂಡಿದ್ದ ವಿವರಣೆ.

ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಮಾಪನದಲ್ಲಿ 27ಕ್ಕೆ 13 ಅಂಕ ಬಂತು, ಅಂದರೆ ಮಧ್ಯಮ ಪ್ರಮಾಣದ ಖಿನ್ನತೆಯ ಲಕ್ಷಣಗಳು. ಕೊನೆಯ ಪ್ರಶ್ನೆಯನ್ನು ನಾನು ಯಾರ ವಿಷಯದಲ್ಲೂ ಕಾಗದಕ್ಕೆ ಬಿಡುವುದಿಲ್ಲ, ಬಾಯಿಬಿಟ್ಟು ಕೇಳುತ್ತೇನೆ. ಸಾಯುವ ಯೋಚನೆ ಇಲ್ಲ ಎಂದವರು ಸ್ವಲ್ಪ ತಡೆದು, ಬೈಕಿನಿಂದ ಬಿದ್ದು ಕಾಲು ಮುರಿದರೆ ಒಂದು ತಿಂಗಳಾದರೂ ಆಸ್ಪತ್ರೆಯಲ್ಲಿ ಆರಾಮವಾಗಿ ಮಲಗಿರಬಹುದಲ್ಲ ಎಂದು ಆಗಾಗ ಅನ್ನಿಸುತ್ತದೆ ಎಂದರು. ಈ ಮಾತನ್ನು ನಗುತ್ತಲೇ ಹೇಳಿದರೂ ನಾನು ಅದನ್ನು ನಗೆಯ ಮಾತಾಗಿ ತೆಗೆದುಕೊಳ್ಳಲಿಲ್ಲ. ರಜೆ ಕೇಳುವ ಹಕ್ಕು ತನಗಿಲ್ಲ ಎಂದು ನಂಬಿದ ಮನಸ್ಸು ಅಪಘಾತದ ಕೈಯಲ್ಲಿ ರಜೆ ಕೊಡಿಸಿಕೊಳ್ಳಲು ನೋಡುತ್ತದೆ. ಅದೇ ವಾರ ಮನೋವೈದ್ಯರ ಬಳಿ ಕಳುಹಿಸಿದೆ. ರಾತ್ರಿ ಹೊತ್ತು ಯೋಚನೆ ಕೈಮೀರಿದರೆ ಯಾರಿಗೆ ಫೋನು ಮಾಡಬೇಕೆಂಬುದನ್ನು ಒಟ್ಟಿಗೆ ಕೂತು ಬರೆದುಕೊಂಡೆವು. ಕೊಠಡಿಯಲ್ಲಿ ಜೊತೆಗಿರುವ ಗೆಳೆಯ, ಆನಂತರ 14416, ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಅದರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿಗೆ ಸಂಬಂಧಿಸಿ 'ಬರ್ನ್‌ಔಟ್' ಎಂಬುದು ರೋಗವಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ, ಉದ್ಯೋಗಕ್ಕೆ ಸೇರಿದ ವಿದ್ಯಮಾನ ಎಂದು ಸ್ಪಷ್ಟಪಡಿಸಿತು. ಬಸವಳಿಯುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗುವುದು, ತನ್ನ ಕೈಯಲ್ಲಿ ಏನೂ ಆಗುವುದಿಲ್ಲ ಎನಿಸುವುದು ಎಂಬ ಮೂರು ಮುಖಗಳನ್ನು ಅದು ಹೇಳುತ್ತದೆ. ಈ ವ್ಯತ್ಯಾಸ ನನ್ನ ಕೆಲಸಕ್ಕೆ ಮುಖ್ಯ, ಏಕೆಂದರೆ ಕಾರಣ ಉದ್ಯೋಗದ ಏರ್ಪಾಟಿನಲ್ಲಿದ್ದಾಗ ವ್ಯಕ್ತಿಗೆ ಪ್ರಾಣಾಯಾಮ ಹೇಳಿಕೊಟ್ಟು ಕಳುಹಿಸಿದರೆ ಅದೇ ಏರ್ಪಾಟಿಗೆ ಇನ್ನಷ್ಟು ದಿನ ಸವೆಯಲು ಅವರನ್ನು ಸಜ್ಜುಗೊಳಿಸಿದಂತಾಗುತ್ತದೆ. ಆದ್ದರಿಂದ ಅವರ ದಿನಚರಿಗಿಂತ ಮೊದಲು ಅವರ ಕೆಲಸವನ್ನೇ ವಿವರವಾಗಿ ಹೇಳುವಂತೆ ಕೇಳಿದೆ.

ಅವರು ಹೇಳಿದ ಒಂದು ಘಟನೆಯನ್ನು ಇಲ್ಲಿ ಬರೆಯುವುದು ಅಗತ್ಯ. ಹೊಸ ಬಾಡಿಗೆದಾರರು ಬಂದಾಗ ಪಿ.ಜಿ. ಮಾಲೀಕರು ಹೆಸರು, ಊರು, ತಂದೆಯ ಫೋನ್ ನಂಬರ್ ಎಲ್ಲವನ್ನೂ ತುಂಬಿ ಕೊನೆಯಲ್ಲಿ ಆಧಾರ್ ಕಾರ್ಡಿನ ಫೋಟೊ ತೆಗೆಯಬೇಕು. ಮಾರತ್ತಹಳ್ಳಿಯ ಮಾಲೀಕರೊಬ್ಬರ ಫೋನಿನಲ್ಲಿ ಫೋಟೊ ತೆಗೆದು ಹಿಂದಕ್ಕೆ ಬಂದರೆ ತುಂಬಿದ ಅರ್ಜಿ ಖಾಲಿಯಾಗಿರುತ್ತಿತ್ತು. ಅವರು ರಾತ್ರಿ ಹತ್ತೂವರೆಗೆ ಫೋನು ಮಾಡಿ ಬಯ್ದರು, ಸ್ಥಾಪಕರು ಒಂದು ಸ್ಟಾರಿನ ರಿವ್ಯೂವನ್ನು ಸ್ಕ್ರೀನ್‌ಶಾಟ್ ತೆಗೆದು ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು, ಮತ್ತು ಸಲಹಾರ್ಥಿಯ ಸ್ವಂತ ಫೋನಿನಲ್ಲಿ ಎಷ್ಟು ಸಲ ಮಾಡಿ ನೋಡಿದರೂ ಆ ದೋಷ ಕಾಣಿಸಲೇ ಇಲ್ಲ. ಎರಡು ರಾತ್ರಿ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಆ ಮಾಲೀಕರದು 2 ಜಿಬಿ ರ್‍ಯಾಮ್‌ನ ಹಳೆಯ ಫೋನು. ಕ್ಯಾಮೆರಾ ತೆರೆದುಕೊಂಡಾಗ ಜಾಗ ಸಾಲದೆ ಆಂಡ್ರಾಯ್ಡ್ ಹಿನ್ನೆಲೆಗೆ ಸರಿದ ಆ್ಯಪನ್ನೇ ಮುಗಿಸಿಬಿಡುತ್ತಿತ್ತು, ತುಂಬಿದ ವಿವರಗಳನ್ನು ಉಳಿಸಿಡುವ ಕೋಡನ್ನು ಅವಸರದಲ್ಲಿ ಬರೆದಿರಲಿಲ್ಲ. ಡೆವಲಪರ್ ಆಪ್ಷನ್ಸ್‌ನಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' ಎಂಬ, ಬಿಟ್ಟುಬಂದ ಪರದೆಯನ್ನು ಕೂಡಲೇ ಮುಗಿಸಿಬಿಡುವ ಆಯ್ಕೆಯನ್ನು ಆನ್ ಮಾಡಿದೊಡನೆ ಸಲಹಾರ್ಥಿಯ ಫೋನಿನಲ್ಲೂ ಅರ್ಜಿ ಖಾಲಿಯಾಯಿತು. ಇದನ್ನು ಹೇಳುವಾಗ ಅವರ ಮುಖದಲ್ಲಿ ಕಂಡ ಕಳೆ ನನಗೆ ಉಪಯೋಗಕ್ಕೆ ಬಂತು. ಕೆಲಸದ ಮೇಲಿನ ಪ್ರೀತಿ ಸತ್ತಿರಲಿಲ್ಲ.

ಸರ್ವರಿನಲ್ಲಿ ಓಡುವ ತಂತ್ರಾಂಶದಲ್ಲಿ ತಪ್ಪು ಕಂಡರೆ ಹಳೆಯದಕ್ಕೆ ಮರಳಬಹುದು. ಫೋನಿನ ಆ್ಯಪ್ ಹಾಗಲ್ಲ: ಜನರ ಕೈಗೆ ಹೋದ ಆವೃತ್ತಿಯನ್ನು ಹಿಂದಕ್ಕೆ ಕರೆಸಿಕೊಳ್ಳಲಾಗುವುದಿಲ್ಲ, ಅದಕ್ಕಿಂತ ಹೆಚ್ಚಿನ ಸಂಖ್ಯೆಯ ಹೊಸ ಆವೃತ್ತಿಯನ್ನೇ ಕಟ್ಟಿ, ಗೂಗಲ್‌ನ ಪರಿಶೀಲನೆಗೆ ಕಳುಹಿಸಿ, ಬಳಕೆದಾರರು ಅಪ್‌ಡೇಟ್ ಮಾಡಿಕೊಳ್ಳುವವರೆಗೆ ಕಾಯಬೇಕು. ಆ ಕಾಯುವ ಗಂಟೆಗಳಲ್ಲಿ ಮಾಡಬಹುದಾದದ್ದು ಏನೂ ಇರುವುದಿಲ್ಲ, ಆದರೂ ಕಣ್ಣು ಪರದೆಯಿಂದ ಕೀಳುವುದಿಲ್ಲ. ಅದರ ಮೇಲೆ ಪ್ಲೇ ಸ್ಟೋರಿನದೇ ಒಂದು ಗಡಿಯಿದೆ: ದಿನದ ಸಕ್ರಿಯ ಬಳಕೆದಾರರಲ್ಲಿ ಶೇ. 1.09ಕ್ಕಿಂತ ಹೆಚ್ಚು ಮಂದಿಗೆ ಕಣ್ಣೆದುರೇ ಕ್ರ್ಯಾಶ್ ಆದರೆ ಅಂಗಡಿಯಲ್ಲಿ ಆ್ಯಪ್ ಕಾಣಿಸಿಕೊಳ್ಳುವುದು ಕಡಿಮೆಯಾಗಬಹುದು. ಸಲಹಾರ್ಥಿ ಈ ಸಂಖ್ಯೆಯನ್ನು ಮಂಚದ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದರು. ಕ್ರ್ಯಾಶ್ ಪ್ರಮಾಣದ ಗ್ರಾಫು ಅದರ ಕೆಳಗಿದ್ದ ದಿನ ತಾನು ಯೋಗ್ಯ, ಮೇಲೆ ಹೋದ ದಿನ ಅಯೋಗ್ಯ ಎಂಬ ಲೆಕ್ಕ ಅವರದಾಗಿತ್ತು.

ಇಷ್ಟು ಹೊರೆ ಹೊತ್ತವರಿಗೆ ಸಂಸ್ಥೆಯಲ್ಲಿ ಏನು ಸ್ಥಾನ ಎಂದು ಕೇಳಿದಾಗ ಪ್ರಕರಣದ ಇನ್ನೊಂದು ಅರ್ಧ ತೆರೆದುಕೊಂಡಿತು. ಸ್ಥಾಪಕರು ಕಾಲೇಜಿನಲ್ಲಿ ಅವರಿಗಿಂತ ಮೂರು ವರ್ಷ ಸೀನಿಯರ್, ಅಂದಿನಿಂದಲೂ 'ಅಣ್ಣ'. ಪ್ರಾಜೆಕ್ಟಿಗೆ ನೆರವಾದವರು, ಮೊದಲ ಕೆಲಸಕ್ಕೆ ಶಿಫಾರಸು ಮಾಡಿದವರು. ಜಯನಗರದ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತಾ "ಬಾರೋ, ನಿಂಗೆ ಒಂದು ಪರ್ಸೆಂಟ್ ಇದ್ದೇ ಇದೆ" ಎಂದು ಅವರು ಕರೆದಾಗ ಸಲಹಾರ್ಥಿ ದೊಡ್ಡ ಕಂಪನಿಯ ಕೆಲಸ ಬಿಟ್ಟು, ಸಂಬಳದಲ್ಲಿ ಮೂರನೇ ಒಂದು ಭಾಗ ಕಳೆದುಕೊಂಡು ಹೋದರು. ಅದಾಗಿ ಒಂದೂವರೆ ವರ್ಷ. ಪಾಲಿನ ಕುರಿತು ಒಂದು ಸಾಲೂ ಬರಹದಲ್ಲಿರಲಿಲ್ಲ. ಎರಡು ತಿಂಗಳ ಸಂಬಳ ಬಾಕಿಯಿತ್ತು. ಸಂಬಳದ ಚೀಟಿಯಿಲ್ಲ, ಭವಿಷ್ಯನಿಧಿಯಿಲ್ಲ; ಬಂದ ಹಣದಲ್ಲಿ ಶೇ. 10 ತೆರಿಗೆ ಮೊದಲೇ ಕಡಿತವಾಗಿರುತ್ತಿತ್ತು. ಕೇಳಬಹುದಿತ್ತಲ್ಲ ಎಂದೆ. "ಅಣ್ಣನ ಹತ್ರ ಹೆಂಗೆ ಕೇಳೋದು ಮೇಡಂ, ಅವರೇ ಕ್ರೆಡಿಟ್ ಕಾರ್ಡಲ್ಲಿ ಬಾಡಿಗೆ ಕಟ್ತಿದ್ದಾರೆ" ಎಂದರು. ಅದು ನಿಜವೂ ಆಗಿತ್ತು. ಈ ಪ್ರಕರಣದಲ್ಲಿ ಖಳನಾಯಕರಿಲ್ಲ, ಆದರೆ ಖಳರಿಲ್ಲದ ಕಡೆ ಅನ್ಯಾಯವೂ ಇರುವುದಿಲ್ಲ ಎಂದೇನಿಲ್ಲ.

ಕಚೇರಿಯ ಗೋಡೆಯ ಮೇಲೆ 'ಕಾಯಕವೇ ಕೈಲಾಸ' ಎಂದು ಬರೆಸಿದ್ದಾರಂತೆ. ಈ ಮಾತನ್ನು ಇಂಥ ಗೋಡೆಗಳ ಮೇಲೆ ಕಂಡಾಗ ನನಗೆ ಕಿರಿಕಿರಿಯಾಗುತ್ತದೆ. ಶರಣರು ಕಾಯಕದ ಬೆನ್ನಿಗೇ ದಾಸೋಹವನ್ನೂ ಇಟ್ಟಿದ್ದರು, ದುಡಿದದ್ದು ಹಂಚಿಕೆಯಾಗಬೇಕು ಎಂಬ ಆ ಅರ್ಧವನ್ನು ಬರೆಸಲು ಯಾರಿಗೂ ಗೋಡೆ ಸಿಗುವುದಿಲ್ಲ.

ನನ್ನ ನಿರ್ಣಯ ಹೀಗಿತ್ತು: ಸಲಹಾರ್ಥಿ ಸ್ಥಾಪಕರಷ್ಟೇ ಹೊಣೆ ಹೊತ್ತಿದ್ದಾರೆ, ಆದರೆ ಸ್ಥಾಪಕರಿಗಿರುವ ಅಧಿಕಾರವಾಗಲಿ ಪಾಲಾಗಲಿ ಅವರಿಗಿಲ್ಲ, ನೌಕರರಿಗಿರುವ ರಕ್ಷಣೆಯೂ ಇಲ್ಲ. ಹೊಣೆಗೂ ಅಧಿಕಾರಕ್ಕೂ ನಡುವಿನ ಈ ಅಂತರವನ್ನು ಅವರು ತಮ್ಮ ನಿದ್ದೆಯಿಂದ ತುಂಬಿಸುತ್ತಿದ್ದರು. ಸಲಹೆಯೂ ಇದೇ ತಿಳಿವಳಿಕೆಯ ಮೇಲೆ ನಿಂತಿತು.

ಮೊದಲು ನಿದ್ದೆ. ವೈದ್ಯರು ಅಲ್ಪಾವಧಿಗೆ ಕೊಟ್ಟ ಔಷಧಿಯ ಜೊತೆಗೆ, ಫೋನನ್ನು ಮಲಗುವ ಕೋಣೆಯ ಹೊರಗಿಟ್ಟು ಹಳೆಯ ಅಲಾರಂ ಗಡಿಯಾರ ಬಳಸುವಂತೆ, ಗೋಡೆಯ ಚೀಟಿಯನ್ನು ಕಚೇರಿಯ ಮೇಜಿಗೆ ಸಾಗಿಸುವಂತೆ ಹೇಳಿದೆ. ಗ್ರಾಫು ನೋಡಲೇಬಾರದೆಂದು ಹೇಳಲಿಲ್ಲ, ಹೇಳಿದ್ದರೂ ಅವರು ನೋಡದೆ ಇರುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆದಿಡಬೇಕು, ಅದರ ಪಕ್ಕದಲ್ಲೇ ಆ ದಿನ ತಾವು ಸರಿಮಾಡಿದ ಒಂದು ಸಂಗತಿಯನ್ನೂ ಬರೆಯಬೇಕು ಎಂದು ಒಪ್ಪಿಕೊಂಡೆವು.

ಎರಡನೆಯದು ಅವರ ವೃತ್ತಿಯೊಳಗಿನದು, ಅದನ್ನು ಅವರ ಬಾಯಿಂದಲೇ ಹೊರಡಿಸಿದೆ. ಆತಂಕ ಕಡಿಮೆಯಾಗಲು ಬಿಡುಗಡೆಯ ಕ್ರಮದಲ್ಲಿ ಏನು ಬದಲಾಗಬೇಕು ಎಂದು ಕೇಳಿದಾಗ, ಹೊಸ ಆವೃತ್ತಿಯನ್ನು ಮೊದಲು ನೂರರಲ್ಲಿ ಐದು ಜನರಿಗೆ ಮಾತ್ರ ಕೊಟ್ಟು, ಸರಿಯಿದ್ದರೆ ಹೆಚ್ಚಿಸುತ್ತಾ, ತಪ್ಪು ಕಂಡರೆ ಅಲ್ಲಿಗೇ ತಡೆಯುವ ಸೌಲಭ್ಯ ಪ್ಲೇ ಕನ್ಸೋಲ್‌ನಲ್ಲೇ ಇದೆ ಎಂದು ಅವರೇ ಹೇಳಿದರು. ಮತ್ತೇಕೆ ಬಳಸುತ್ತಿಲ್ಲ? ಎಲ್ಲರಿಗೂ ಇವತ್ತೇ ಹೋಗಬೇಕೆಂದು ಅಣ್ಣ ಹೇಳುತ್ತಾರೆ, ಅದೂ ಬಹುಪಾಲು ಶುಕ್ರವಾರ ಸಂಜೆ. ಮಂಗಳವಾರ ಬೆಳಿಗ್ಗೆ ಬಿಡುಗಡೆ, ಶುಕ್ರವಾರ ಇಲ್ಲ, ಬಾಡಿಗೆ ಸಂಗ್ರಹವಾಗುವ ತಿಂಗಳ ಮೊದಲ ವಾರದಲ್ಲಿ ಅಂತೂ ಇಲ್ಲವೇ ಇಲ್ಲ ಎಂಬ ನಿಯಮವನ್ನು ಅವರೇ ಬರೆದರು. ಜೊತೆಗೆ 2 ಜಿಬಿಯ ಎರಡು ಹಳೆಯ ಫೋನುಗಳನ್ನು ಪರೀಕ್ಷೆಗೆಂದು ಕೊಳ್ಳಬೇಕೆಂಬ ಬೇಡಿಕೆಯನ್ನೂ ಸೇರಿಸಿದರು.

ಮೂರನೆಯದು ಕಾಗದ. ಇಲ್ಲಿ ನಾನು ಸಲಹೆಗಾರ್ತಿಯ ಗಡಿ ದಾಟಲಿಲ್ಲ. ಪರಿಚಿತ ಲೆಕ್ಕಪರಿಶೋಧಕರೊಬ್ಬರ ಬಳಿ ಕಳುಹಿಸಿದೆ. ಅವರು ತಿಳಿಸಿದ್ದರಲ್ಲಿ ಎರಡು ಸಂಗತಿಗಳು ಸಲಹಾರ್ಥಿಯನ್ನು ಅಲುಗಿಸಿದವು. ಒಂದು, ಸಂಬಳದ ಚೀಟಿಯಿಲ್ಲದೆ, ಶೇ. 10 ತೆರಿಗೆ ಕಡಿತವಾಗಿ ಹಣ ಬರುತ್ತಿರುವ ರೀತಿ ನೋಡಿದರೆ ಕಾಗದದ ಮೇಲೆ ಅವರು ನೌಕರರೇ ಅಲ್ಲ, ಹೊರಗಿನ ಸಲಹೆಗಾರರು, ಮತ್ತು ನೌಕರರ ಷೇರು ಯೋಜನೆ ನೌಕರರಿಗಾಗಿ ಇರುವುದು. ಎರಡು, 2014ರ ಕಂಪನಿ ಷೇರು ಬಂಡವಾಳ ನಿಯಮಗಳ ಪ್ರಕಾರ ಮುಂದೆ ಷೇರು ಕೊಳ್ಳುವ ಆಯ್ಕೆ ನೀಡುವ ಪತ್ರ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಆ ಹಕ್ಕು ಪಕ್ವವಾಗುವುದಿಲ್ಲ, ಅಂದರೆ ಬಳಸಲು ಸಿಗುವುದಿಲ್ಲ. ಪತ್ರವೇ ಇಲ್ಲದಿದ್ದರೆ ಆ ವರ್ಷ ಶುರುವಾಗುವುದೂ ಇಲ್ಲ. ಮುಂದೆಂದಾದರೂ ಷೇರು ತೆಗೆದುಕೊಂಡರೆ, ಅಂದಿನ ಮೌಲ್ಯಕ್ಕೂ ತೆತ್ತ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಆದಾಯವೆಂದೇ ಎಣಿಸಿ ತೆರಿಗೆ ಬರುತ್ತದೆ ಎಂಬುದನ್ನೂ ಅವರು ಹೇಳಿ ಕಳುಹಿಸಿದ್ದರು. ಒಂದೂವರೆ ವರ್ಷ ತಾನು ಪಾಲುದಾರ ಎಂದು ದುಡಿದವರು ಇದನ್ನು ಕೇಳಿ ಆ ವಾರ ನನ್ನೆದುರು ಬಹಳ ಹೊತ್ತು ಮಾತಾಡಲಿಲ್ಲ.

ಮಾತುಕತೆಯ ತಾಲೀಮಿಗೆ ನಾವು ಹೆಚ್ಚು ಸಮಯ ಕೊಟ್ಟೆವು. ಅವರ ಮೊದಲ ಕರಡು "ತಪ್ಪು ತಿಳ್ಕೋಬೇಡಿ ಅಣ್ಣ, ನಂಗೇನೂ ಅರ್ಜೆಂಟಿಲ್ಲ" ಎಂದು ಶುರುವಾಗುತ್ತಿತ್ತು. ಕೋಪ ಬಂದ ಮರುವಾರದ ಕರಡು "ನೀವು ನನ್ನನ್ನ ಬಳಸ್ಕೊಂಡ್ರಿ" ಎಂದು. ಎರಡರಲ್ಲೂ ಬೇಡಿಕೆ ಏನೆಂಬುದೇ ಕಾಣುತ್ತಿರಲಿಲ್ಲ. ಕೊನೆಗೆ ಉಳಿದದ್ದು ಇಷ್ಟು: "ಅಣ್ಣ, ಈ ಆ್ಯಪ್ ನಂಗೂ ಬೇಕು. ಇದನ್ನ ಮುಂದುವರಿಸೋಕೆ ನಂಗೆ ನೌಕರಿ ಪತ್ರ, ಷೇರಿನ ಪತ್ರ, ಬಾಕಿ ಸಂಬಳಕ್ಕೆ ತಾರೀಖು ಬೇಕು. ರಾತ್ರಿ ಒಂಬತ್ತಾದ ಮೇಲೆ ಕಸ್ಟಮರ್ ಫೋನ್ ನನಗೆ ಬರಬಾರದು. ಮಾರ್ಚ್ ಕೊನೆಯೊಳಗೆ ಆಗ್ಲಿಲ್ಲ ಅಂದ್ರೆ ನಾನು ಬೇರೆ ಕೆಲಸ ನೋಡ್ಕೋತೀನಿ." ಕೊನೆಯ ವಾಕ್ಯ ಬೆದರಿಕೆಯಾಗಬಾರದು, ನಿಜವಾಗಿರಬೇಕು ಎಂಬ ಕಾರಣಕ್ಕೆ ಅದಕ್ಕೆ ಮುಂಚೆಯೇ ಅವರು ತಮ್ಮ ಬಯೊಡೇಟಾ ಸಿದ್ಧಪಡಿಸಿ, ನಾಲ್ಕು ತಿಂಗಳ ಖರ್ಚಿಗೆ ಕೈಯಲ್ಲಿ ಹಣವಿದೆಯೇ ಎಂದು ಲೆಕ್ಕ ಹಾಕಿದರು. ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ, ಕಚೇರಿಯಲ್ಲೂ ಅಲ್ಲ, ಇಬ್ಬರೇ ಹೊರಗೆ ಕೂತು ಮಾತಾಡಿ, ಅಂದೇ ರಾತ್ರಿ ಅದನ್ನು ಇಮೇಲ್‌ನಲ್ಲಿ ಬರೆದು ಕಳುಹಿಸಬೇಕೆಂದು ಹೇಳಿದೆ.

ಸ್ಥಾಪಕರು ಮೊದಲು ನೊಂದುಕೊಂಡರು, "ನೀನೂನಾ" ಎಂದರು. ನಾಲ್ಕು ದಿನದ ನಂತರ ತಾವೇ ಬಂದು ಕೂತರು. ನೌಕರಿ ಪತ್ರ ಫೆಬ್ರವರಿಯಲ್ಲಿ ಕೈಸೇರಿತು. ಷೇರಿನ ಪತ್ರ ಒಂದು ಪರ್ಸೆಂಟಿಗೆ ಬದಲು ಮುಕ್ಕಾಲಕ್ಕೆ ಬಂತು, ನಾಲ್ಕು ವರ್ಷದ ಪಕ್ವತೆಯೊಂದಿಗೆ. ಕಳೆದ ಒಂದೂವರೆ ವರ್ಷ ಲೆಕ್ಕಕ್ಕೆ ಸಿಗಲಿಲ್ಲ. ಈ ನಷ್ಟವನ್ನು ಒಪ್ಪಿಕೊಳ್ಳಬೇಕೇ ಎಂದು ಅವರು ನನ್ನನ್ನು ಕೇಳಿದರು. ಆ ತೀರ್ಮಾನ ಅವರದೇ ಎಂದೆ, ಆದರೆ ತೀರ್ಮಾನವನ್ನು ರಾತ್ರಿ ಹತ್ತರ ನಂತರ ಮಾಡಬಾರದು ಎಂದೂ ಹೇಳಿದೆ. ಒಂದು ವಾರ ಊರಿಗೆ ಹೋಗಿ ಬಂದು ಸಹಿ ಹಾಕಿದರು. ರಾತ್ರಿಯ ಕರೆಗಳನ್ನು ಈಗ ಮಾರಾಟ ನೋಡಿಕೊಳ್ಳುವ ಹುಡುಗಿ ಮತ್ತು ಸ್ಥಾಪಕರು ಸರದಿಯಂತೆ ತೆಗೆದುಕೊಳ್ಳುತ್ತಿದ್ದಾರೆ. ಹೀಗೆ ಬಯ್ಗುಳ ನೇರವಾಗಿ ಕಿವಿಗೆ ಬಿದ್ದ ಮೇಲೆ ಶುಕ್ರವಾರದ ಬಿಡುಗಡೆಯ ಹಟವನ್ನು ಸ್ಥಾಪಕರು ತಾವಾಗಿ ಬಿಟ್ಟರು.

ಬಾಕಿ ಸಂಬಳದಲ್ಲಿ ಒಂದು ತಿಂಗಳಿನದು ಇನ್ನೂ ಬಂದಿಲ್ಲ. ಎರಡನೇ ಡೆವಲಪರ್ ನೇಮಕ ಮುಂದಿನ ಹೂಡಿಕೆಯ ತನಕ ಮುಂದಕ್ಕೆ ಹೋಗಿದೆ, ಆದ್ದರಿಂದ ಸಲಹಾರ್ಥಿ ಜ್ವರ ಬಂದು ಮಲಗಿದರೆ ಆ್ಯಪ್ ನಿಲ್ಲುತ್ತದೆ ಎಂಬ ಸ್ಥಿತಿ ಹಾಗೆಯೇ ಇದೆ. ಪಿಎಚ್‌ಕ್ಯೂ ಅಂಕ 6ಕ್ಕೆ ಇಳಿದಿದೆ, ವೈದ್ಯರು ನಿದ್ದೆಯ ಔಷಧಿಯನ್ನು ನಿಲ್ಲಿಸಿದ್ದಾರೆ, ಭೇಟಿಗಳನ್ನು ತಿಂಗಳಿಗೊಂದಕ್ಕೆ ಇಳಿಸಿದ್ದೇವೆ. ಹೂಡಿಕೆ ಬಾರದಿದ್ದರೆ ಎಂಬ ಪ್ರಶ್ನೆಯನ್ನು ಮುಂದಿನ ಭೇಟಿಯಲ್ಲಿ ತೆಗೆದುಕೊಳ್ಳಲಿದ್ದೇವೆ.