ನೋವಿದ್ದವರ ಪಕ್ಕ ಕೂತು ನಗುವುದು

ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ಹಾಸ್ಯದ ವಿಡಿಯೋ ತೋರಿಸಿದರೆ ನೋವು ನಿಜಕ್ಕೂ ಕಡಿಮೆಯಾಗುತ್ತಾ ಎಂದು ಕೇಳಿದ್ದೀರಿ. ಸ್ವಲ್ಪ ಹೊತ್ತಿನ ಮಟ್ಟಿಗೆ ಆಗುತ್ತದೆ. ಆದರೆ ಮೊಬೈಲ್ ಕೈಗೆ ಕೊಟ್ಟು ನೀವು ಎದ್ದು ಹೋಗಬೇಡಿ. ಪಕ್ಕದಲ್ಲೇ ಕೂತು ನೀವೂ ನೋಡಿ.

ಎರಡು ವರ್ಷದ ಹಿಂದೆ ನನ್ನ ಅಮ್ಮನಿಗೂ ಇದೇ ಆಪರೇಷನ್ ಆಗಿತ್ತು. ಮಂಡಿ ಮಡಿಸುವ ವ್ಯಾಯಾಮ ಅಂದರೆ ಸಾಕು, ಕಣ್ಣಲ್ಲಿ ನೀರು. ನರಸಿಂಹರಾಜು ಅವರ ಹಳೇ ದೃಶ್ಯಗಳನ್ನು ಹಾಕಿಕೊಟ್ಟೆ. ಒಬ್ಬರೇ ನೋಡಿದರು, ತುಟಿಯಂಚಲ್ಲಿ ನಕ್ಕರು, ಅಷ್ಟೇ. ಒಂದು ಸಂಜೆ ಚಿಕ್ಕಮ್ಮ ಬಂದರು. ಅದೇ ದೃಶ್ಯ. ತೆರೆಯ ಮೇಲೆ ಬರುವ ಮೊದಲೇ ಚಿಕ್ಕಮ್ಮ ಮಾತು ಹೇಳಿಬಿಡುವುದು, ಅಮ್ಮ ಹೊಟ್ಟೆ ಹಿಡಿದುಕೊಂಡು ನಗುವುದು. ಅವತ್ತು ವ್ಯಾಯಾಮ ಅರ್ಧಕ್ಕೆ ನಿಲ್ಲಲಿಲ್ಲ.

ಆಮೇಲೆ ಕಾರಣ ಹುಡುಕಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ತಂಡ 2011ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಜನರಿಗೆ ಹಾಸ್ಯದ ವಿಡಿಯೋ ತೋರಿಸಿ, ಕೈಗೆ ಕೊರೆಯುವ ತಣ್ಣನೆಯ ಪಟ್ಟಿ ಸುತ್ತಿ, ಅಥವಾ ಬಿಪಿ ಪಟ್ಟಿ ಬಿಗಿದು, ನೋವನ್ನು ಎಷ್ಟು ತಡೆಯುತ್ತಾರೆ ಎಂದು ನೋಡಿದರು. ನಕ್ಕವರು ಜಾಸ್ತಿ ತಡೆದುಕೊಂಡರು. ಸುಮ್ನೆ ಮನಸ್ಸಿಗೆ ಹಿತವಾಗುವ ದೃಶ್ಯ ನೋಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಗುಂಪಲ್ಲಿ ನಗು ಹೆಚ್ಚುತ್ತದೆ ಎಂಬುದೂ ಕಂಡಿತು. ಪಕ್ಕೆ ನೋಯುವಷ್ಟು ನಕ್ಕಾಗ ಉಸಿರು ಬಿಡುತ್ತಲೇ ಇರುತ್ತೇವೆ, ಎದೆ ಹೊಟ್ಟೆಯ ಸ್ನಾಯುಗಳು ದಣಿಯುತ್ತವೆ. ಆ ದಣಿವಿಗೆ ಮೆದುಳು ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುತ್ತದೆ, ನೋವು ತಗ್ಗಿಸುವುದು ಅದೇ ಎನ್ನುವುದು ಅವರ ವಿವರಣೆ.

ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಕಥೆಯನ್ನೂ ಯಾರಾದರೂ ನಿಮಗೆ ಹೇಳಬಹುದು. 1964ರಲ್ಲಿ ಬೆನ್ನುಮೂಳೆಯ ಕಾಯಿಲೆಯಲ್ಲಿ ಹಾಸ್ಯ ಸಿನಿಮಾ ನೋಡಿ ಹತ್ತು ನಿಮಿಷ ಜೋರಾಗಿ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು ಅವರು ಬರೆದಿದ್ದಾರೆ. ನಗುವಿನಿಂದಲೇ ಗುಣವಾದರು ಎಂದು ನಾನು ಹೇಳಲಾರೆ. ಜೊತೆಗೆ ವಿಟಮಿನ್ ಸಿಯನ್ನೂ ಭಾರಿ ಪ್ರಮಾಣದಲ್ಲಿ ತೆಗೆದುಕೊಂಡಿದ್ದರು. ಆದರೆ ಆ ಎರಡು ಗಂಟೆ ನಿದ್ದೆಯ ಬೆಲೆ, ರಾತ್ರಿಯಿಡೀ ನರಳುವವರ ಪಕ್ಕ ಕೂತವರಿಗೆ ಗೊತ್ತು, ಅಲ್ವಾ? ಆದರೂ ನಗುವನ್ನೇ ನಂಬಿ ಮಾತ್ರೆ, ಫಿಸಿಯೋ ಯಾವುದನ್ನೂ ಬಿಡಿಸಬೇಡಿ.

ಹೊಟ್ಟೆಯ ಆಪರೇಷನ್ ಆದವರಿಗಾದರೆ ನಗುವಾಗ ಹೊಲಿಗೆ ಎಳೆಯುತ್ತದೆ, ದಿಂಬು ಒತ್ತಿ ಹಿಡಿದುಕೊಳ್ಳಬೇಕು. ಮಂಡಿಗೆ ಆ ಭಯವಿಲ್ಲ. ಅಪ್ಪ ಹರೆಯದಲ್ಲಿ ಯಾರನ್ನು ನೋಡಿ ನಗುತ್ತಿದ್ದರು ಎಂದು ಅವರನ್ನೇ ಕೇಳಿ, ಅದನ್ನೇ ಹಾಕಿ. ಹಳೇ ಗೆಳೆಯರು ಹತ್ತಿರದಲ್ಲಿದ್ದರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಬರಲು ಹೇಳಿ.